ಏಳು ಎಂಬಿ

ಮತ್ತೆ ಏಳು ಎಂಬಿ, ಥೂ ಇದರ, ಜಿಬಿಗಟ್ಟಲೆ ಗ್ರಾಫಿಕ್ಸ್ ಮೆಮೊರಿ ತೋರಿಸಬೇಕಾದ ಪರದೆಯ ಮೇಲೆ ಅದೇ ಅಂಕಿ, ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದರೂ ಅದೇ, ಅಂದರೆ ಕಾರ್ಡ್ ಅಂತ ಒಂದಿದೆ ಅನ್ನುವುದೇ ಈ ಯಂತ್ರಕ್ಕೆ ಗೊತ್ತಾಗಿಲ್ಲ, ಸ್ಟುಡಿಯೋ ಶಟರ್ ಅರ್ಧ ಎಳೆದು ಬೆಳಿಗ್ಗೆಯಿಂದ ಕೂತಿದ್ದೇನೆ, ಹೊರಗೆ ಕಂಡಕ್ಟರ್ ಕೂಗುತ್ತಿದ್ದಾನೆ, ಗುಬ್ಬಿ ಗುಬ್ಬಿ ಗುಬ್ಬಿ – ಆ ಬಸ್ಸಿನಲ್ಲೇ ಜಯಪ್ರಕಾಶ ಬರುತ್ತಿದ್ದ, ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಫಿಟ್ಟರ್ ಕೆಲಸ, ವರ್ಕ್‌ಶಾಪಿಗೆ ಸೋಮವಾರ ರಜೆ, ರಜೆಯೆಲ್ಲ ನನ್ನ ಸ್ಟುಡಿಯೋದಲ್ಲಿ, ಆಪಲ್ ಕಂಪ್ಯೂಟರ್ ತಗೊಳ್ಳೋಕೆ ನಮ್ ಕೈಲಾಗಲ್ಲ ರೇಣುಕ, ಬಿಡಿ ಪಾರ್ಟ್ ತಂದು ಜೋಡಿಸಿ ಆಪಲ್ ಸಾಫ್ಟ್‌ವೇರ್ ಅದ್ರೊಳಕ್ಕೆ ತುರುಕೋದು, ಹ್ಯಾಕಿಂಟಾಶ್ ಅಂತಾರೆ ಇದ್ನ, ಅಂದ, ನಾನು ನಕ್ಕೆ, ಮದುವೆ ವಿಡಿಯೊ ಎಡಿಟ್ ಮಾಡೋನಿಗೆ ಇಷ್ಟೆಲ್ಲ ಯಾಕೋ, ಆದರೂ ಜೋಡಿಸಿದೆವು, ಐದು ಸೋಮವಾರ ಇದೇ ದರಿದ್ರ ಏಳು ಎಂಬಿ, ಕಪ್ಪು ಪರದೆಯಲ್ಲಿ ಬಿಳಿ ಅಕ್ಷರ ಸರಸರ ಓಡಿ ನಿಂತುಬಿಡುವುದು, ಆರನೇ ಸೋಮವಾರ ಎಂಟು ಜಿಬಿ ಅಂತ ತೋರಿಸಿದಾಗ ನಲವತ್ತು ದಾಟಿದ ಗಂಡಸು ಕುರ್ಚಿ ಹತ್ತಿ ಕುಣಿದ, ಎಂಥ ಖುಷಿಯಪ್ಪಾ ಅದು, ಮೊದಲು ಎಡಿಟ್ ಮಾಡಿದ್ದು ಕುಣಿಗಲ್ಲಿನ ಮದುವೆ, ದಿನವಿಡೀ ಹಿಡಿಯುತ್ತಿದ್ದದ್ದು ಇಪ್ಪತ್ತು ನಿಮಿಷಕ್ಕೆ ಮುಗಿಯಿತು, ಇಬ್ಬರೂ ಬಿಟ್ಟ ಬಾಯಿ ಮುಚ್ಚದೆ ನೋಡುತ್ತ ಕೂತಿದ್ದೆವು, ಆ ದಿನಗಳು ಮತ್ತೆ ಬರಲಿಲ್ಲ.

ಮೂರು ವರ್ಷವಾಯಿತು ಅವನ ಮುಖ ನೋಡಿ, ಮೊನ್ನೆ ಅವನ ಮಗಳು ಭೂಮಿಕಾಳ ಮದುವೆಯಾಯಿತಂತೆ, ಯಾರದೋ ಸ್ಟೇಟಸ್ಸಿನಲ್ಲಿ ಕಂಡೆ, ವಿಡಿಯೊ ತೆಗೆದವನು ಬೇರೆ ಯಾವನೋ, ಹೊಟ್ಟೆ ಉರಿಯಿತು, ಉರಿದದ್ದಕ್ಕೇ ಈ ಹೊಸ ಕಾರ್ಡ್ ತಂದದ್ದು, ಇದು ಓಡಿದರೆ ಹಳೆಯದು ಕೆಟ್ಟದ್ದು, ಹಳೆಯದು ಕೆಟ್ಟದ್ದಾದರೆ ಅವನು ಕಾರ್ಡ್ ಬದಲಾಯಿಸಿದ್ದು ನಿಜ, ನಾನು ಅಂದದ್ದು ನಿಜ, ಅಷ್ಟು ಸಾಕಿತ್ತು ನನಗೆ – ಓಡಲಿಲ್ಲವಲ್ಲ, ಹಾಗಾದರೆ ಕೆಟ್ಟಿರುವುದು ಕಾರ್ಡಲ್ಲ, ಮತ್ತೇನು, ಕಾರ್ಡ್ ಕೂರುವ ಸ್ಲಾಟೇ, ಕರೆಂಟ್ ತೆಗೆದು ಕಾರ್ಡ್ ಎಳೆದು ಟಾರ್ಚ್ ಬಿಟ್ಟೆ, ಸಂದಿಯೊಳಗೆ ಬೆಳ್ಳಗೆ ಏನೋ ಗಟ್ಟಿಯಾಗಿದೆ, ಉಗುರಿನಲ್ಲಿ ಕೆರೆದೆ, ಮೂಸಿದೆ, ಅಯ್ಯೋ ಶಿವನೇ, ವಿಭೂತಿ. ಸೋಮವಾರ. ಅವನು ಕೊನೆಯ ಸಲ ಬಂದದ್ದೂ ಸೋಮವಾರವೇ, ಅವತ್ತು ಧೂಳು ಹೊಡೆಯಲು ಕಾರ್ಡ್ ತೆಗೆದು ಮೇಜಿನ ಮೇಲಿಟ್ಟು ಟೀ ಕುಡಿಯಲು ಹೋದ, ನಾನು ಪೂಜೆಗೆ ಕೂತೆ, ಕ್ಯಾಮೆರಾಕ್ಕೆ ಮೂರು ಬೆರಳು, ಟ್ರೈಪಾಡಿಗೆ ಮೂರು ಬೆರಳು, ಕ್ಯಾಬಿನೆಟ್ ಹೇಗೂ ತೆರೆದಿದೆ, ಒಳಗೂ ಇರಲಿ ಅಂತ ನೀರಲ್ಲಿ ಕಲಸಿದ ವಿಭೂತಿಯನ್ನು ಬೋರ್ಡಿಗೇ ಎಳೆದಿದ್ದೆ, ಭಕ್ತಿಯೋ ಭಕ್ತಿ, ಅದು ಸ್ಲಾಟಿಗೆ ಇಳಿದು ಒಣಗಿದೆ, ಅವನು ಬಂದು ನೋಡದೆ ಕಾರ್ಡ್ ಸಿಗಿಸಿದ, ಏಳು ಎಂಬಿ ಅಂತು.

ಸ್ಪಿರಿಟ್ ಹಚ್ಚಿ ಬ್ರಷ್ಷಿನಲ್ಲಿ ಉಜ್ಜಿದೆ, ಹೊಸದನ್ನು ಪಕ್ಕಕ್ಕಿಟ್ಟು ಡ್ರಾಯರಿನಲ್ಲಿದ್ದ ಹಳೇ ಕಾರ್ಡನ್ನೇ ಕೂರಿಸಿದೆ, ಬಿಳಿ ಅಕ್ಷರಗಳು ಓಡಿದವು, ಓಡಬೇಡ ಅಂತ ಮೊದಲ ಸಲ ಬೇಡಿಕೊಂಡೆ, ಆಪಲ್ ಗುರುತು ಬಂತು, ಎಂಟು ಜಿಬಿ, ಪೂರಾ ಎಂಟು, ಅವನು ಏನನ್ನೂ ಬದಲಾಯಿಸಿರಲಿಲ್ಲ, ನಾನು ಕೇಳಿದ್ದೆ, ಬಾಯಿಬಿಟ್ಟು ಕೇಳಿದ್ದೆ, ಒಳ್ಳೇ ಕಾರ್ಡ್ ಎತ್ಕೊಂಡು ಗುಜರಿ ಸಿಗಿಸಿದೀಯೇನ್ಲಾ, ಜಯಪ್ರಕಾಶ ಬ್ಯಾಗು ತಂದು ಮೇಜಿನ ಮೇಲೆ ಕವುಚಿದ, ಸ್ಕ್ರೂಡ್ರೈವರ್, ಬಾಚಣಿಗೆ, ಬಸ್ ಪಾಸು, ಊಟದ ಡಬ್ಬಿ, ಅಷ್ಟೇ, ಸಾಕು ಬಿಡೋ ಅನ್ನಬೇಕಿತ್ತು, ಅನ್ನಲಿಲ್ಲ, ನೋಡುತ್ತ ನಿಂತಿದ್ದೆ – ಫೋನು ಕೈಯಲ್ಲಿದೆ, ಅವನ ನಂಬರ್ ಇನ್ನೂ ಇದೆ, ತಪ್ಪಾಯ್ತು ಕಣೋ ಅನ್ನಲೇ, ಮಗಳ ಮದುವೆ ಮುಗಿದ ಮೇಲೆ ಯಾವ ಬಾಯಲ್ಲಿ ಅನ್ನಲಿ, ಅವತ್ತು ಅವನು ಡಬ್ಬಿ ಎತ್ತಿಕೊಂಡ, ಕಾರ್ಡ್ ಅದರಲ್ಲಿ ಹಿಡಿಸುವುದೂ ಇಲ್ಲ, ಅವನಿಗೂ ಗೊತ್ತು ನನಗೂ ಗೊತ್ತು, ಆದರೂ ಮುಚ್ಚಳ ತೆಗೆದ, ನನ್ನ ಕಡೆ ಬಾಗಿಸಿದ, ಅರ್ಧ ತಿಂದು ಬಿಟ್ಟ ಚಿತ್ರಾನ್ನ, ಮುಚ್ಚಳ ತೆಗೆದು ತೋರಿಸಿದ, ನಾನು ಬಗ್ಗಿ ನೋಡಿದೆ, ಬಗ್ಗಿ, ಡಬ್ಬಿಯೊಳಕ್ಕೆ –