ಲುತ್ಸಿನಾಳ ಮನೆಯ ಗಾಳಿಕಿಂಡಿ

ನನ್ನ ತಂಗಿ ಲುತ್ಸಿನಾಳಿಗೆ ಚಿಕ್ಕಂದಿನಿಂದಲೂ ಥಂಡಿಗಾಳಿಯ ಭಯ. ಬಸ್ಸಿನಲ್ಲಿ ಯಾರಾದರೂ ಕಿಟಕಿ ಸರಿಸಿದರೆ ಜಗಳಕ್ಕೇ ನಿಲ್ಲುತ್ತಾಳೆ. ಕುತ್ತಿಗೆ ಹಿಡಿದುಕೊಂಡರೂ, ಹಲ್ಲು ನೋವು ಬಂದರೂ, ಮಗಳಿಗೆ ಗಣಿತದಲ್ಲಿ ಅಂಕ ಕಡಿಮೆಯಾದರೂ ಅವಳ ಪ್ರಕಾರ ತಪ್ಪು ಥಂಡಿಗಾಳಿಯದೇ. ನಮ್ಮ ರಾದೊಮ್ ಊರಿನ ಕಡೆ ಇಂಥವರು ಮನೆಗೊಬ್ಬರು ಇದ್ದೇ ಇರುತ್ತಾರೆ. ಅವರ ದಯದಿಂದಲೇ ನನ್ನ ಹೊಟ್ಟೆ ತುಂಬುತ್ತಿತ್ತು. ಇಪ್ಪತ್ತಾರು ವರ್ಷ ನಾನು ಮಾಡಿದ್ದು ಒಂದೇ ಕೆಲಸ: ಹಳೆಯ ಮನೆಗಳ ಗೋಡೆಗೆ ಹೊರಗಿನಿಂದ ಥರ್ಮಾಕೋಲ್ ಹಲಗೆ ಅಂಟಿಸುವುದು, ಸಂದಿಗಳಿಗೆ ಫೋಮ್ ತುಂಬುವುದು, ಗಾಳಿ ನುಸುಳುವ ಜಾಗ ಎಲ್ಲಿ ಕಂಡರೂ ಅದರ ಬಾಯಿ ಮುಚ್ಚುವುದು.

ಲುತ್ಸಿನಾಳ ಮನೆ ಊರಂಚಿನಲ್ಲಿದೆ. ಐವತ್ತು ವರ್ಷ ಹಳೆಯದು, ಚಪ್ಪಟೆ ತಾರಸಿ, ಡಬ್ಬಿಯ ಆಕಾರ. ಆ ಬೀದಿಯ ಮನೆಗಳೆಲ್ಲ ಹಾಗೇ ಇವೆ. ಅವಳ ಗಂಡ ವರ್ಷದಲ್ಲಿ ಹತ್ತು ತಿಂಗಳು ಜರ್ಮನಿ, ಹಾಲೆಂಡ್ ಅಂತ ಲಾರಿ ಓಡಿಸಿಕೊಂಡಿರುತ್ತಾನೆ. ಮನೆಯಲ್ಲಿರುವುದು ಅವಳು ಮತ್ತು ಶಾಲೆಯ ಕೊನೆಯ ವರ್ಷದಲ್ಲಿದ್ದ ಮಗಳು ಮಾಲ್ವಿನಾ. ಕಳೆದ ಬೇಸಿಗೆಯಲ್ಲಿ ಆ ಮನೆಯನ್ನು ನಾನು ಕೈಗೆತ್ತಿಕೊಂಡೆ. ತಂಗಿಯ ಮನೆ ಎಂದ ಮೇಲೆ ಜಂಭವೂ ಸ್ವಲ್ಪ ಸೇರಿಕೊಂಡಿತು. ಗೇಣು ದಪ್ಪದ ಹಲಗೆ, ಮೂರು ಪದರ ಗಾಜಿನ ಕಿಟಕಿ, ಬಾಗಿಲಿನ ಸುತ್ತ ರಬ್ಬರ್ ಪಟ್ಟಿ. ಕೊನೆಗೆ ಮುಂಬಾಗಿಲಿಗೆ ದೊಡ್ಡ ಫ್ಯಾನ್ ಕಟ್ಟಿ, ಮನೆಯೊಳಗಿನ ಗಾಳಿ ಎಳೆದು, ಎಲ್ಲಿ ಸೋರುತ್ತದೆಂದು ಪರೀಕ್ಷೆಯನ್ನೂ ಮಾಡಿಸಿದೆ. ಪರೀಕ್ಷೆಗೆ ಬಂದಿದ್ದ ಎಂಜಿನಿಯರ್ ಹೆಂಗಸು ಮೀಟರ್ ಕೆಟ್ಟಿರಬಹುದೆಂದು ಅದನ್ನು ಎರಡು ಸಲ ತಟ್ಟಿ ನೋಡಿದಳು.

"ಸೋರೋದೇ ಇಲ್ವಲ್ರೀ ಇದು!" ಎಂದಳು.

ಆ ಮಾತನ್ನು ನಾನು ಒಂದು ತಿಂಗಳು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಅಕ್ಟೋಬರಿನಲ್ಲಿ ಚಿಮಣಿಯ ತೆಯೋಫಿಲ್ ಬಂದರು. ವರ್ಷಕ್ಕೊಮ್ಮೆ ಚಿಮಣಿ ಗುಡಿಸಿ, ಗಾಳಿಕಿಂಡಿಗಳನ್ನು ನೋಡಿ, ಎಲ್ಲ ಸರಿಯಿದೆಯೆಂದು ಕಾಗದಕ್ಕೆ ಸಹಿ ಹಾಕುವುದು ಅವರ ಕೆಲಸ. ಅರವತ್ತೆಂಟು ವರ್ಷವಾದರೂ ಕಪ್ಪು ಕೋಟು, ಹಿತ್ತಾಳೆ ಗುಂಡಿ, ಹೆಗಲಿಗೆ ತಂತಿಯ ಕುಂಚ. ಚಿಮಣಿಯವನು ಎದುರಾದರೆ ನಾವು ಕೂಡಲೇ ನಮ್ಮ ಬಟ್ಟೆಯ ಗುಂಡಿಯೊಂದನ್ನು ಹಿಡಿದುಕೊಳ್ಳುತ್ತೇವೆ, ಅದು ಅದೃಷ್ಟ. ಮಾಲ್ವಿನಾ ಮೆಟ್ಟಿಲಿನ ಮೇಲಿಂದಲೇ ಸ್ವೆಟರಿನ ಗುಂಡಿ ಹಿಡಿದು, "ತೆಯೋಫಿಲ್ ಅವರೇ, ಪರೀಕ್ಷೆಗೂ ಸೇರಿಸಿ ಹಿಡ್ಕೊಂಡಿದೀನಿ!" ಎಂದು ಕೂಗಿದಳು.

"ಎರಡೂ ಕೈಲಿ ಹಿಡ್ಕೋ ಮಗಳೇ, ನಿನ್ನ ಗಣಿತ ನಂಗೊತ್ತು" ಎಂದರು ಅವರು.

ಬಚ್ಚಲುಮನೆಯಲ್ಲಿ ಹಳೆಯ ಗ್ಯಾಸ್ ಗೀಸರ್ ಇತ್ತು. ಅದರ ಪಕ್ಕದ ಗೋಡೆಯಲ್ಲಿ, ಮೇಲುಗಡೆ, ಒಳಗಿನ ಗಾಳಿಯನ್ನು ಚಿಮಣಿಗೆ ಎಳೆಯುವ ಗಾಳಿಕಿಂಡಿ. ತೆಯೋಫಿಲ್ ಸ್ಟೂಲ್ ಹತ್ತಿ ಲೈಟರ್ ಹೊತ್ತಿಸಿ ಕಿಂಡಿಯ ಮುಂದೆ ಹಿಡಿದರು. ಉರಿ ಕಿಂಡಿಯ ಕಡೆಗೆ ವಾಲಬೇಕಿತ್ತು. ಅದು ಉಲ್ಟಾ, ಅವರ ಮೂಗಿನ ಕಡೆಗೆ ವಾಲಿತು.

"ಮನೆ ಉಸಿರು ಕಟ್ಕೊಂಡಿದೆ ಝೆಮೆಕ್" ಎಂದರು ನನ್ನನ್ನು ನೋಡಿ. "ಎಲ್ಲ ಮುಚ್ಚಿಬಿಟ್ಟಿದೀಯಾ. ಒಳಗೆ ಗಾಳಿ ಬರೋಕೆ ದಾರಿಯಿಲ್ಲ, ಅದಕ್ಕೇ ಹೊಗೆ ಹೋಗೋ ದಾರೀಲೇ ವಾಪಸ್ ಬರ್ತಿದೆ. ಗೀಸರ್ ಹೊಗೆಯೂ ನಾಳೆ ಹಿಂಗೇ ಕೆಳಗಿಳಿಯತ್ತೆ. ಅಡುಗೆಮನೆ ಕಿಟಕಿ ಮೇಲಿನ ಗೋಡೇಲಿ ಎರಡು ತೂತು ಕೊರಿ. ಆಮೇಲೆ ಸಹಿ ಹಾಕ್ತೀನಿ."

"ತೂತಾ? ಈ ಗೋಡೇಗಾ?" ನನ್ನ ಮೈ ಉರಿದುಹೋಯಿತು. "ಮೂರು ತಿಂಗಳು ಬೆವರು ಸುರಿಸಿ ಮುಚ್ಚಿದ್ದೀನಿ. ನೀವು ಮಸಿ ಗುಡಿಸೋರು, ಮಸಿ ಗುಡಿಸಿ."

"ಮಸಿ ಗುಡಿಸ್ತಾನೇ ಏಳು ಹೆಣ ನೋಡಿದೀನಪ್ಪ. ಎಲ್ಲಾರೂ ಬೆಚ್ಚಗೇ ಇದ್ರು" ಎಂದು ಹೇಳಿ ಅವರು ಸ್ಟೂಲಿನಿಂದ ಇಳಿದರು. ಮಂಗಳವಾರ ಮತ್ತೆ ಬರುತ್ತೇನೆಂದು ಕುಂಚ ಹೆಗಲಿಗೇರಿಸಿ ಹೋದರು.

ಅವರು ಹೇಳಿದ್ದು ಸರಿ ಎಂದು ನನಗೆ ಗೊತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ. ನನಗೆ ಗೊತ್ತಿತ್ತು. ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಆದರೆ ಎಲ್ಲರಿಗೂ ಗೊತ್ತಿದ್ದ ಇನ್ನೊಂದು ಉಪಾಯವೂ ಇತ್ತು. ಮಂಗಳವಾರ ಬೆಳಿಗ್ಗೆ ಲುತ್ಸಿನಾಳಿಗೆ ಅದನ್ನೇ ಹೇಳಿದೆ.

"ಅವರು ಬರೋಕ್ಕೆ ಅರ್ಧ ಗಂಟೆ ಮುಂಚೆ ಅಡುಗೆಮನೆ ಕಿಟಕಿ ಬೆರಳಷ್ಟು ತೆಗೆದು ಪರದೆ ಎಳ್ಕೋ. ಹೋದ ಮೇಲೆ ಮುಚ್ಚು. ಬೀದೀಲಿ ಎಲ್ಲಾರೂ ಮಾಡೋದು ಇದನ್ನೇ."

"ಏನೂ ಆಗಲ್ಲ ತಾನೇ ಅಣ್ಣ?"

"ಏನಾಗತ್ತೆ? ನಿಂಗೆ ಬೆಚ್ಚಗೆ ಬೇಕೋ ಬೇಡ್ವೋ ಹೇಳು."

ಲೈಟರಿನ ಉರಿ ಈ ಸಲ ಕಿಂಡಿಯೊಳಗೆ ನೆಟ್ಟಗೆ ಹೋಯಿತು. ತೆಯೋಫಿಲ್ ಬಹಳ ಹೊತ್ತು ಅದನ್ನೇ ನೋಡಿದರು.

"ಏನು ಮಾಡಿದೆ?"

"ನೀವು ಹೇಳಿದ್ದೇ. ಗೋಡೆ ಬದಲು ತಾರಸಿ ಕಡೆಯಿಂದ ಗಾಳಿಗೆ ದಾರಿ ಬಿಟ್ಟೆ" ಎಂದುಬಿಟ್ಟೆ. ಅಷ್ಟು ಸಲೀಸಾಗಿ ಬಾಯಿಂದ ಬಂತು.

ತಾರಸಿ ಹತ್ತಿ ನೋಡುತ್ತಾರೇನೋ ಎಂದುಕೊಂಡೆ. ಅವರು ಹತ್ತಲಿಲ್ಲ. ಮೊಣಕಾಲು ನೋಯುತ್ತಿತ್ತು. "ನೀನು ಕಸುಬಿನವನು, ನಿನ್ನ ಮಾತು ಸಾಕು" ಎಂದು ಸಹಿ ಹಾಕಿದರು. ಲುತ್ಸಿನಾ ಅವರಿಗೆ ಕಾಫಿ, ಗಸಗಸೆ ಕೇಕು ಕೊಟ್ಟಳು. ಅವರು ಗೇಟು ದಾಟುವ ಮೊದಲೇ ಕಿಟಕಿ ಮುಚ್ಚಿದಳು.

ಡಿಸೆಂಬರಿನಲ್ಲಿ ಅವಳಿಗೆ ಆಗಾಗ ತಲೆನೋವು ಬರುತ್ತಿತ್ತು. ಬಚ್ಚಲ ಕಿಂಡಿಯಿಂದ ಥಂಡಿಗಾಳಿ ಬೀಸುತ್ತದೆ, ಅದಕ್ಕೇ ಎನ್ನುತ್ತಿದ್ದಳು. ಬಿಸಿ ಚಹಾ ಕುಡಿ ಎಂದು ನಾನು ನಕ್ಕೆ. ಆ ನಗು ನೆನಪಾದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಜನವರಿಯ ಆ ಶನಿವಾರ ಮಾಲ್ವಿನಾಳ ಶಾಲೆಯ ನೃತ್ಯಕೂಟ. ಕೊನೆಯ ಪರೀಕ್ಷೆಗೆ ನೂರು ದಿನ ಉಳಿದಾಗ ನಡೆಯುವ ಈ ಕೂಟಕ್ಕೆ ನಮ್ಮ ಹೆಣ್ಣುಮಕ್ಕಳು ಮದುವೆಗಿಂತಲೂ ಹೆಚ್ಚಾಗಿ ಸಿಂಗರಿಸಿಕೊಳ್ಳುತ್ತಾರೆ. ಪೋಲೊನೇಜ್ ಕುಣಿತದ ಹೆಜ್ಜೆಗಳನ್ನು ಅವಳು ಒಂದು ತಿಂಗಳಿಂದ ನಡುಮನೆಯಲ್ಲಿ ಎಣಿಸುತ್ತ ಅಭ್ಯಾಸ ಮಾಡಿದ್ದಳು. ಅವಳನ್ನು ಕಾರಿನಲ್ಲಿ ಬಿಟ್ಟುಬರಲು ಮಧ್ಯಾಹ್ನವೇ ನಾನು ಹೋದೆ. ಹೊರಗೆ ಮೈನಸ್ ಹದಿನೇಳು. ಒಳಗೆ ಅಂಗಿಯ ತೋಳು ಮಡಚುವಷ್ಟು ಬೆಚ್ಚಗಿತ್ತು. ಗಾಢ ನೀಲಿ ಉಡುಪು ಬಾಗಿಲಿಗೆ ನೇತಾಡುತ್ತಿತ್ತು.

"ಮಹಾರಾಣಿ ಎಲ್ಲಿ?"

"ತಲೆ ತೊಳ್ಕೋತಿದಾಳೆ. ಮುಕ್ಕಾಲು ಗಂಟೆಯಾಯ್ತು" ಎಂದಳು ಲುತ್ಸಿನಾ, ಇಸ್ತ್ರಿಪೆಟ್ಟಿಗೆ ಹಿಡಿದು.

ನೀರು ಬೀಳುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಮೈ ಮೇಲೆ ಬೀಳುವ ನೀರಿನ ಸದ್ದು ಏರಿಳಿಯುತ್ತದೆ. ಇದು ಏರಿಳಿಯುತ್ತಿರಲಿಲ್ಲ. ಬಾಗಿಲು ಬಡಿದೆ, ಕೂಗಿದೆ, ಭುಜ ಕೊಟ್ಟು ಮುರಿದೆ. ಅವಳು ತೊಟ್ಟಿಯ ಅಂಚಿನ ಮೇಲೆ ತಲೆಯಿಟ್ಟು ಬಿದ್ದಿದ್ದಳು. ಮುಖ ಕೆಂಪಗೆ, ಆರೋಗ್ಯವಾಗಿ ಕಾಣುತ್ತಿತ್ತು. ನಮ್ಮ ಕಡೆ ಚಾದ್ ಎನ್ನುವ ಈ ಕಾರ್ಬನ್ ಮಾನಾಕ್ಸೈಡ್ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಖಕ್ಕೆ ಮಾತ್ರ ಹೀಗೆ ರಂಗು ಕೊಡುತ್ತದೆ. ಅವಳನ್ನು ಎಳೆದುಕೊಂಡು ಬಂದು ಅದೇ ಅಡುಗೆಮನೆಯ ಕಿಟಕಿಯನ್ನು ಅಗಲಕ್ಕೆ ತೆಗೆದೆ. ಲುತ್ಸಿನಾ ಬರಿಗಾಲಲ್ಲಿ ಹಿಮದ ಮೇಲೆ ಓಡುತ್ತ ಆಂಬುಲೆನ್ಸಿಗೆ ಕೈ ಬೀಸುತ್ತಿದ್ದಳು.

ಮಾಲ್ವಿನಾ ಬದುಕಿದಳು. ಆದರೆ ಮೂರು ವಾರದ ನಂತರ ಮನೆಗೆ ಬಂದ ಮಾಲ್ವಿನಾ ಮಾತಿನ ಮಧ್ಯೆ ನಿಂತುಬಿಡುತ್ತಿದ್ದಳು. ಚಮಚ ಹಿಡಿದರೆ ಕೈ ನಡುಗುತ್ತಿತ್ತು. ಪೋಲೊನೇಜ್ ಹೆಜ್ಜೆ ಎಣಿಸಲು ಹೋಗಿ ಐದರ ಹತ್ತಿರ ತಪ್ಪಿಹೋಗಿ, ಮತ್ತೆ ಒಂದರಿಂದ ಶುರು ಮಾಡುತ್ತಿದ್ದಳು. ಮೇ ತಿಂಗಳ ಪರೀಕ್ಷೆಯ ಮಾತು ಯಾರೂ ಎತ್ತಲಿಲ್ಲ.

ಬೀದಿಯವರು ಆಡಿದ ಮಾತು ಒಂದೇ: ಸಹಿ ಹಾಕಿದ್ದು ತೆಯೋಫಿಲ್. ಪೊಲೀಸರ ಕೈಯಲ್ಲಿ ಇದ್ದದ್ದೂ ಅದೇ ಕಾಗದ. ನಾಲ್ಕು ಮನೆಯವರು ಅವರನ್ನು ಗೇಟಿನಿಂದಲೇ ವಾಪಸು ಕಳಿಸಿದರು. ಬೇಕರಿಯ ಮುಂದೆ ಅವರು ಎದುರಾದಾಗ ಒಬ್ಬರ ಕೈಯೂ ಗುಂಡಿಗೆ ಹೋಗಲಿಲ್ಲ, ನಾನೇ ನೋಡಿದೆ. ಗುರುವಾರ ಠಾಣೆಗೆ ಬಂದು ಹೇಳಿಕೆ ಕೊಡಬೇಕೆಂದು ನನಗೂ ಕಾಗದ ಬಂತು.

"ಕಿಟಕಿ ವಿಷಯ ಹೇಳಬೇಡ ಅಣ್ಣ" ಎಂದು ಲುತ್ಸಿನಾ ನನ್ನ ತೋಳು ಹಿಡಿದಳು. "ಮಾಲ್ವಿನಾಗೆ ಗೊತ್ತಾದ್ರೆ ನನ್ನ ಮುಖ ನೋಡಲ್ಲ ಅವಳು. ಆ ಮುದುಕರಿಗೇನು, ನಿವೃತ್ತಿ ಆಗೋ ವಯಸ್ಸು."

ಆಯಿತು ಎಂದೆ. ನನ್ನ ತಲೆಯೂ ಉಳಿಯುತ್ತಿತ್ತಲ್ಲ.

ಬುಧವಾರ ಬೆಳಿಗ್ಗೆ ತೆಯೋಫಿಲ್ ತಾವಾಗಿಯೇ ಲುತ್ಸಿನಾಳ ಮನೆಗೆ ಬಂದರು. ಕುಂಚವಿರಲಿಲ್ಲ, ಟೋಪಿ ಕೈಯಲ್ಲಿತ್ತು. ನಾವು ಮೂವರೂ ಅಡುಗೆಮನೆಯ ಮೇಜಿನ ಸುತ್ತ ಕೂತಿದ್ದೆವು. ಅವರನ್ನು ಕಂಡದ್ದೇ ಮಾಲ್ವಿನಾಳ ಕೈ ನಡುಗುತ್ತ ಸ್ವೆಟರಿನ ಮೇಲೆ ಹುಡುಕಾಡಿತು. ಎರಡು ಸಲ ತಪ್ಪಿ, ಮೂರನೆಯ ಸಲ ಗುಂಡಿ ಸಿಕ್ಕಿತು. ಹಿಡಿದುಕೊಂಡು ನಕ್ಕಳು.

"ಬಿಡು ಮಗಳೇ" ಎಂದರು ಅವರು. "ನನ್ನಲ್ಲಿ ಅದೃಷ್ಟ ಇಲ್ಲ. ಕ್ಷಮೆ ಕೇಳೋಕೆ ಬಂದೆ. ನನ್ನ ಕಣ್ಣು ಹೋಗಿದೆ ಅನ್ಸತ್ತೆ. ಉರಿ ಸರಿಯಾಗಿ ಹೋದ ಹಾಗೇ ಕಂಡಿತ್ತು ನಂಗೆ. ರಾತ್ರಿಯೆಲ್ಲ ಅದನ್ನೇ ನೆನೆಸ್ಕೋತೀನಿ, ಹಂಗೇ ಕಾಣತ್ತೆ. ಮುದುಕನಾದೆ, ಇಲ್ಲದ್ದು ಕಂಡೆ. ನಾಳೆ ಠಾಣೇಲಿ ಹಾಗೇ ಬರೆದುಕೊಡ್ತೀನಿ."

ಲುತ್ಸಿನಾ ಮೇಜಿನ ಬಟ್ಟೆಯ ಅಂಚನ್ನು ಮಡಚುತ್ತಿದ್ದಳು. ಅವಳ ಕಣ್ಣು ನನಗೆ, ಬಾಯಿಗೆ ಬೀಗ ಹಾಕಿಕೋ ಎನ್ನುತ್ತಿತ್ತು. ನಾನು ಪ್ರಯತ್ನಪಟ್ಟೆ. ಆದರೆ ಒಬ್ಬ ಮನುಷ್ಯ ನನ್ನ ಸುಳ್ಳನ್ನು ನಂಬಿ ತನ್ನ ಕಣ್ಣನ್ನೇ ಶಪಿಸಿಕೊಳ್ಳುವುದನ್ನು ಕೂತು ನೋಡುವ ತಾಕತ್ತು ನನ್ನಲ್ಲಿರಲಿಲ್ಲ.

"ನಿಮ್ಮ ಕಣ್ಣು ಸರಿಯಾಗಿದೆ" ಎಂದೆ. "ಉರಿ ನೆಟ್ಟಗೇ ಹೋಗಿತ್ತು. ಈ ಕಿಟಕಿ ತೆಗೆದಿತ್ತು, ಪರದೆ ಹಿಂದೆ. ತಾರಸೀಲಿ ನಾನು ಏನೂ ಮಾಡಿರಲಿಲ್ಲ. ತೆಗೆದದ್ದೂ ನಾನೇ, ಮುಚ್ಚಿದ್ದೂ ನಾನೇ."

ತೆಯೋಫಿಲ್ ಕುರ್ಚಿ ಎಳೆದು ಕೂತರು. ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಟೋಪಿಯಲ್ಲಿ ಮುಖ ಮುಚ್ಚಿಕೊಂಡರು.

"ಹಾಗಾದ್ರೆ ನಂಗೆ ಕಾಣ್ತಿತ್ತು" ಎಂದರು. "ನಂಗೆ ಕಾಣ್ತಿತ್ತು."

ಆಗ ಲುತ್ಸಿನಾ ತಲೆಯೆತ್ತಿದಳು. "ಸುಳ್ಳು ಹೇಳಬೇಡ ಅಣ್ಣ, ಸಾಕು. ತೆಗೆದದ್ದೂ ಮುಚ್ಚಿದ್ದೂ ನಾನು. ಇವರು ಗೇಟು ದಾಟೋವರೆಗೂ ನಾನು ಕಾಯಲಿಲ್ಲ. ಚಳಿ ಅಂತ."

ಮಾಲ್ವಿನಾ ಅಮ್ಮನನ್ನು ನೋಡಿದಳು. ಮಾತು ಹುಡುಕುತ್ತಿದ್ದಳು. ಅದು ಸಿಗಲು ಬಹಳ ಹೊತ್ತು ಬೇಕಾಯಿತು.

"ಅಮ್ಮ... ಚಳಿ ನಿಂಗಾ... ನಂಗಾ?"

"ನಂಗೆ" ಎಂದಳು ಲುತ್ಸಿನಾ. "ನಂಗೇ ಕಣೇ."

ಮಾಲ್ವಿನಾಳ ಬೆರಳುಗಳು ಇನ್ನೂ ಗುಂಡಿಯ ಮೇಲಿದ್ದವು.

ತೆಯೋಫಿಲ್ ಎದ್ದು ಬಚ್ಚಲುಮನೆಗೆ ಹೋದರು. ಗೀಸರನ್ನು ಗ್ಯಾಸ್ ಕಚೇರಿಯವರು ಕಿತ್ತುಕೊಂಡು ಹೋಗಿದ್ದರು, ಕಿಂಡಿ ಹಾಗೇ ಇತ್ತು. ಲೈಟರಿನ ಉರಿ ಮತ್ತೆ ಅವರ ಮೂಗಿನ ಕಡೆಗೇ ವಾಲಿತು. ಅವರು ವಾಪಸು ಬಂದು ನನ್ನ ಮುಂದೆ ನಿಂತರು.

"ನಾಳೆ ಇದನ್ನೇ ಹೇಳ್ತೀಯಾ?"

"ಹೇಳ್ತೀನಿ."

"ಜೈಲಾಗಬಹುದು."

"ಗೊತ್ತು."

"ಡ್ರಿಲ್ ಕಾರಲ್ಲಿದ್ರೆ ತಗೊಂಡ್ ಬಾ. ಅಡುಗೆ ಒಲೆ ಇನ್ನೂ ಉರೀತಿದೆಯಲ್ಲ ಈ ಮನೇಲಿ."

ಆ ಕಿಟಕಿಯ ಮೇಲಿನ ಗೋಡೆಯನ್ನು ನಾನು ಕೊರೆದೆ. ಇಟ್ಟಿಗೆ ಕೆಂಪಗೆ ಉದುರಿತು. ಆಮೇಲೆ ಡ್ರಿಲ್ ನನ್ನದೇ ಥರ್ಮಾಕೋಲಿಗೆ ತಾಗಿ ಮೆತ್ತಗಾಯಿತು. ಹಿಂದಕ್ಕೆಳೆದಾಗ ಬಿಳಿ ಕಾಳುಗಳು ಮೇಜಿನ ಮೇಲೆ, ಮಾಲ್ವಿನಾಳ ಕೂದಲ ಮೇಲೆಲ್ಲ ಬಿದ್ದವು. ಫೆಬ್ರವರಿಯ ಗಾಳಿ ಸುಯ್ಯೆಂದು ಒಳಗೆ ಬಂತು. ಅದು ನೇರವಾಗಿ ಬಡಿಯುತ್ತಿದ್ದದ್ದು ಕೆಳಗೆ ನಿಂತಿದ್ದ ಲುತ್ಸಿನಾಳ ಕುತ್ತಿಗೆಗೆ.

"ಪಕ್ಕಕ್ಕೆ ಸರಿಯೇ ಲುತ್ಸಿ, ಕುತ್ತಿಗೆ ಹಿಡ್ಕೊಳತ್ತೆ" ಎಂದೆ.

"ಹಿಡ್ಕೊಳ್ಳಲಿ" ಎಂದು ಅವಳು ಅಲ್ಲೇ ನಿಂತು, ಮಗಳ ಕೂದಲಿನಿಂದ ಬಿಳಿ ಕಾಳುಗಳನ್ನು ಒಂದೊಂದಾಗಿ ಆರಿಸುತ್ತಿದ್ದಳು.