ಮುಸ್ತ್ ಕಾರ್ಖಾನೆಯ ನೆಲಮಾಳಿಗೆ

ಸೋಮವಾರ ಬೆಳಿಗ್ಗೆ ಬಾಟಲಿ ತುಂಬುವ ಸಾಲು ಇನ್ನೂ ಓಡಲು ಶುರುಮಾಡಿರಲಿಲ್ಲ, ಆಗಲೇ ನೆಲಮಾಳಿಗೆಯ ಗ್ಯಾಸ್ ಅಲಾರಾಂ ಕಿರುಚಿಕೊಂಡಿತು. ಅಂಗಳದ ಬಿಳಿ ಟ್ಯಾಂಕಿನಲ್ಲಿ ದ್ರವವಾಗಿರುವ ಇಂಗಾಲದ ಡೈಆಕ್ಸೈಡು ಮುಸ್ತ್ ಪಾನಕಕ್ಕೆ ನೊರೆ ತರಲು ಗ್ಯಾಸಾಗಿ ಹರಿದು ಬರುವ ಪೈಪು ಹಾದುಹೋಗುವುದು ಆ ನೆಲಮಾಳಿಗೆಯೊಳಗೇ. ಸೋರಿದರೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಭಾರ, ನೀರಿನ ಹಾಗೆ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಇಳಿದವರು ಮತ್ತೆ ಹತ್ತಿ ಬರುವ ಭರವಸೆಯಿಲ್ಲ.

ಸುರಕ್ಷತೆ ನನ್ನ ತಲೆಗೆ ಕಟ್ಟಿದ ಕೆಲಸ. ಟ್ಯಾಂಕಿನ ಕವಾಟ ಮುಚ್ಚಿ ಎಲ್ಲರನ್ನೂ ಹಿಮದ ಅಂಗಳಕ್ಕೆ ಅಟ್ಟಿದೆ.

ಮಾಲೀಕ ಸಿಕ್ಸ್ಟೆನ್ ಓಡಿ ಬಂದ.

"ಉಲ್ಲಾ, ಆ ಪೀಪಿ ಬಾಯಿಗೊಂದು ಕಾಲುಚೀಲ ತುರುಕು! ಸಂಜೆ ಲಾರಿ ಹೊರಡದಿದ್ರೆ ಅಂಗಡೀಲೆಲ್ಲ ಬೇರೆಯವ್ರ ಮುಸ್ತ್ ಕೂತಿರುತ್ತೆ."

"ಕಾಲುಚೀಲ ನಿನ್ನ ಬಾಯಿಗೆ ತುರುಕ್ತೀನಿ. ಯಾರೂ ಇಳಿಯೋ ಹಾಗಿಲ್ಲ."

ಅವನ ಸಂಕಟ ನನಗೆ ಗೊತ್ತಿಲ್ಲದ್ದಲ್ಲ. ಮುಸ್ತ್ ಇಲ್ಲದ ಕ್ರಿಸ್‌ಮಸ್ಸನ್ನು ನಮ್ಮೂರು ಕಂಡಿಲ್ಲ; ನಮ್ಮೆಲ್ಲರ ವರ್ಷದ ಅನ್ನ ಈ ಒಂದು ತಿಂಗಳ ಕಪ್ಪು ಪಾನಕದ ಮೇಲೆ ನಿಂತಿದೆ. ಜನ ಹಬ್ಬದ ದಿನವಾದರೂ ಬಿಯರು ಬಿಡಲಿ ಎಂದು ಸಿಕ್ಸ್ಟೆನ್‌ನ ಅಜ್ಜ ಕಟ್ಟಿದ ಕಾರ್ಖಾನೆ ಇದು. ಊರಿನ ಪಾನವಿರೋಧಿ ಸಂಘಕ್ಕೆ ಈಗ ಸಿಕ್ಸ್ಟೆನ್‌ನ ಹೆಂಡತಿ ಎಬ್ಬಾ ಅಧ್ಯಕ್ಷೆ.

ಗಾಳಿ ಆಡಿಸೋಣವೆಂದು ಹೋದರೆ ನೆಲಮಾಳಿಗೆಯ ಬಾಗಿಲ ಹೊರಗಿನ ಫ್ಯಾನಿನ ಸ್ವಿಚ್ಚು ಆಫ್!

"ಇದನ್ನ ಯಾರು ಆರಿಸಿದ್ದು?"

"ಕರೆಂಟ್ ಉಳಿಸೋಣ ಅಂತ... ಶುಕ್ರವಾರ," ಎಂದ ಸಿಕ್ಸ್ಟೆನ್, ಚಾವಣಿ ನೋಡುತ್ತ.

ಬೈಯಲು ಪುರುಸೊತ್ತಿರಲಿಲ್ಲ. ಫ್ಯಾನು ಹಾಕಿ, ಟ್ಯಾಂಕ್ ನೋಡಿಕೊಳ್ಳುವ ಯೋರನ್‌ಗೆ ಫೋನ್ ಮಾಡಿದೆ.

ಯೋರನ್ ಬಂದು ಪೈಪಿನ ಒತ್ತಡ ತೋರಿಸುವ ಮುಳ್ಳನ್ನೇ ದಿಟ್ಟಿಸಿದ. ಅದು ಅಲುಗಲಿಲ್ಲ.

"ಪೈಪ್ ಸೋರ್ತಿಲ್ಲ. ಆದ್ರೂ ಕೆಳಗೆ ಗ್ಯಾಸಿದೆ. ಎಲ್ಲಿಂದ ಬಂತು ಅಂತ ಗೊತ್ತಾಗೋವರೆಗೂ ಕವಾಟ ತೆಗೆಯೋ ಹಾಗಿಲ್ಲ. ಗಾಳಿ ಸರಿಹೋದ್ಮೇಲೆ ಇಳಿದು ಮೂಲೆಮೂಲೆ ಹುಡುಕ್ತೀನಿ."

"ಮೂಲೆಮೂಲೇನಾ?" ಎಂದ ಸಿಕ್ಸ್ಟೆನ್. ಆಮೇಲೆ ನೋಡಿದರೆ ಆಸಾಮಿ ಅಲ್ಲಿಲ್ಲ.

ಎಲ್ಲಿಗೆ ಹೋಗಿರಬಹುದೆಂದು ಹೊಳೆಯಿತು. ಓಡಿದೆ. ನೆಲಮಾಳಿಗೆಯ ಬಾಗಿಲು ತೆರೆದಿತ್ತು. ಅಲಾರಾಂ ಇನ್ನೂ ಕಿರುಚುತ್ತಿತ್ತು. ಕಪ್ಪೆಯಂತೆ ಕೆನ್ನೆ ಉಬ್ಬಿಸಿ, ಮೂಗು ಹಿಡಿದುಕೊಂಡು ಅವನು ಮೊದಲ ಮೆಟ್ಟಿಲಿಗೆ ಕಾಲಿಡುತ್ತಿದ್ದ. ಕೈಗೆ ಸಿಕ್ಕಿದ್ದು ಪ್ಯಾಂಟಿನ ಹೆಗಲಪಟ್ಟಿ. ಎಳೆದೆ. ಪಟ್ಟಿ ಹಿಗ್ಗಿತು, ಸಿಕ್ಸ್ಟೆನ್ ಹಿಂದೆ ಹಾರಿ ಬಂದ. ಇಬ್ಬರೂ ಖಾಲಿ ಕ್ರೇಟುಗಳ ಮೇಲೆ ಬಿದ್ದೆವು.

"ಉಸಿರು ಬಿಗಿಹಿಡಿದು ಹೋಗಿ ಬಂದ್ಬಿಡ್ತಿದ್ದೆ!"

"ಬರ್ತಿರ್ಲಿಲ್ಲ ಮಾರಾಯ. ನಿನ್ನ ಎತ್ತೋಕೆ ನಾನು ಇಳೀತಿದ್ದೆ, ನನ್ನ ಎತ್ತೋಕೆ ಯೋರನ್. ಮೂರೂ ಜನ ಸಾಲಾಗಿ ಮಲಗಿರ್ತಿದ್ವಿ. ಏನಿದೆ ಅಲ್ಲಿ?"

"ಏನಿಲ್ಲ."

ಬಾಗಿಲು ಮುಚ್ಚಿ ಬೀಗ ಹಾಕಿ, ಕೀಲಿಕೈ ಜೇಬಿಗಿಳಿಸಿದೆ.

ಅಲಾರಾಂ ಬಾಯಿ ಮುಚ್ಚಿದ ಮೇಲೂ ಯೋರನ್ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಕೈಯಲ್ಲಿ ಮೀಟರ್ ಹಿಡಿದೇ ಇಳಿದ. ಕೂಸನ್ನು ಎತ್ತಿಕೊಂಡಂತೆ ಒಂದು ದೊಡ್ಡ ಗಾಜಿನ ಬುಡ್ಡಿ ಅಪ್ಪಿಕೊಂಡು ಹತ್ತಿ ಬಂದ. ಒಳಗೆ ಕೆಂಪು ರಸ. ಬುಡ್ಡಿಯ ಬಾಯಿಗೆ ಸಿಕ್ಕಿಸಿದ ಕೊಳವೆಯಲ್ಲಿ ಗುಳ್ಳೆಗಳು ಗುಳಕ್, ಗುಳಕ್. ಮತ್ತೆ ಇಳಿದ, ಇನ್ನೊಂದು ತಂದ. ಮತ್ತೆ ಇಳಿದ. ಅಂಗಳದ ಹಿಮದಲ್ಲಿ ಬುಡ್ಡಿಗಳ ಸಾಲೇ ನಿಂತಿತು.

"ವೈನು," ಎಂದ ಮುಖವಾಡ ತೆಗೆದು. "ಹುಳಿ ಬರುವಾಗ ಇದೂ ಅದೇ ಗ್ಯಾಸ್ ಬಿಡುತ್ತೆ. ಮುಚ್ಚಿದ ತಗ್ಗಿನ ಕೋಣೆ, ಫ್ಯಾನ್ ಬೇರೆ ಆಫ್."

"ಫ್ಯಾನಿಂದ ಚಳಿಯಾಗಿ ಹುಳಿ ಬರೋದೇ ನಿಂತ್ಹೋಗಿತ್ತು," ಎಂದು ಗೊಣಗಿದ ಸಿಕ್ಸ್ಟೆನ್. ಆಡಿದ ಮೇಲೆ ಬಾಯಿ ಮುಚ್ಚಿಕೊಂಡ.

ಎಬ್ಬಾ ಕಚೇರಿಯ ಮೆಟ್ಟಿಲಿಳಿದು ಬಂದಳು. ನಾವೆಲ್ಲ ನಮ್ಮ ನಮ್ಮ ಬೂಟು ನೋಡಿಕೊಂಡೆವು. ಅವಳು ಒಂದು ಬುಡ್ಡಿಯ ಬಿರಡೆ ತೆಗೆದಳು, ಮೂಸಿದಳು, ಬೆರಳದ್ದಿ ನಾಲಿಗೆಗೆ ತಾಗಿಸಿದಳು.

"ಲಿಂಗನ್ ಹಣ್ಣು," ಎಂದಳು. "ಸಕ್ಕರೆ ಸಾಲದು."

ಅಧ್ಯಕ್ಷೆಗೆ ಇದು ಹೇಗೆ ಗೊತ್ತೆಂದು ಕೇಳುವ ಧೈರ್ಯ ಸಿಕ್ಸ್ಟೆನ್‌ಗೂ ಇರಲಿಲ್ಲ.

"ಉಲ್ಲಾ, ಕವಾಟ ತೆಗೆಯಬಹುದಾ?" ಎಂದು ಎಬ್ಬಾ ನನ್ನತ್ತ ತಿರುಗಿದಳು.

"ಯೋರನ್ ಹ್ಞೂಂ ಅಂದ್ರೆ."

ಯೋರನ್ ಹ್ಞೂಂ ಅಂದ. ಬಾಟಲಿ ತುಂಬುವ ಸಾಲು ಓಡತೊಡಗಿತು, ಸಂಜೆ ಲಾರಿ ಹೊರಟಿತು. ಬುಡ್ಡಿಗಳನ್ನು ಚರಂಡಿಗೆ ಸುರಿಯುತ್ತಿದ್ದ ಗಂಡನ ಬಳಿ ನಿಂತು ಎಬ್ಬಾ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು:

"ಒಂದು ಉಳಿಸು. ಅಟ್ಟದಲ್ಲಿಡು, ಕಿಟಕಿ ತೆಗೆದು."