ಬೀಜದ ಮನೆಯ ಬೆಕ್ಕು

ಬೆಕ್ಕಿನ ಕೂಗು ನಿಂತಿದೆ ಎಂಬುದು ಅನುಸೂಯಾಬಾಯಿಗೆ ಹೊಳೆದದ್ದು ರೊಟ್ಟಿ ಬಡಿಯುವಾಗ. ಹಿಟ್ಟಿನ ಕೈಯಲ್ಲೇ ಕಿವಿಗೊಟ್ಟು ಕೂತಳು. ಪಕ್ಕದ ಮೀರಾಬಾಯಿಯ ಮನೆಯೊಳಗಿಂದ ದೀಪಾವಳಿ ಕಳೆದಾಗಿನಿಂದ ಒದರುತ್ತಲೇ ಇದ್ದ ಜೀವ ಇವತ್ತು ಬೆಳಗಿನಿಂದ ಚಕಾರ ಎತ್ತಿರಲಿಲ್ಲ.

ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೋಗುವ ಸಾಯಗಾಂವದವರು ಬಾಗಿಲಿಗೆ ಕಲ್ಲು ಪೇರಿಸಿ ಮಣ್ಣು ಮೆತ್ತಿ ಹೋಗುತ್ತಿದ್ದರು. ಒಳಗೆ ಕಣಜದಲ್ಲಿ ಬೀಜದ ಜೋಳ, ಅದನ್ನು ಇಲಿಗಳಿಂದ ಕಾಯಲು ಒಂದು ಬೆಕ್ಕು. ಬೆಕ್ಕು ಹೊರಗೆ ಹೋಗಿ ಬರಲೆಂದು ಹೊಸ್ತಿಲ ಪಕ್ಕ ಗೇಣಗಲದ ಕಿಂಡಿ ಬಿಡುವುದು ಹಿಂದಿನಿಂದ ಬಂದ ಪದ್ಧತಿ. ಎಪ್ಪತ್ತೊಂದರ ಮಳೆ ಕೈಕೊಟ್ಟು ಊರ ತುಂಬ ಹಸಿದವರಾದಾಗ, ಕಿಂಡಿಯೊಳಗೆ ಕೈ ಹಾಕಿ ಕಾಳು ಕದ್ದಾರೆಂದು ಮೀರಾಬಾಯಿ ಅದಕ್ಕೂ ಮಣ್ಣು ಮೆತ್ತಿದಳು. ಬೆಕ್ಕಿಗೆಂದು ಕಲ್ಲುದೋಣಿಗೆ ನೀರು ತುಂಬಿ, "ಒಳಗ ಇಲಿ ಬೇಕಾದಷ್ಟು ಅವ, ಉಪಾಸ ಬೀಳಲ್ಲ ಬಿಡ್ರಿ ಅಕ್ಕ, ಮನಿ ಕಡಿ ಒಂದು ಕಣ್ಣಿಡ್ರಿ" ಎಂದು ಹೇಳಿ ಗಂಡ ಮಚ್ಛೇಂದ್ರನ ಹಿಂದೆ ಗಾಡಿ ಹತ್ತಿದ್ದಳು.

ಮೆತ್ತಿದ ಮನೆಯನ್ನು ಮುಟ್ಟುವವರು ಕಳ್ಳರು. ಹಾಗಾಗಿ ಓಣಿಯವರೆಲ್ಲ ಆ ಕೂಗು ಕೇಳಿಯೂ ಕೇಳದವರಂತೆ ಇದ್ದರು. ಅನುಸೂಯಾಬಾಯಿಯೂ ಹಾಗೇ ಇದ್ದಳು, ಅದನ್ನು ಅವಳೂ ಅಲ್ಲಗಳೆಯುವಂತಿರಲಿಲ್ಲ. ಆದರೆ ಈಗ ಸದ್ದೇ ಇಲ್ಲದ್ದನ್ನು ಅವಳಿಂದ ತಾಳಿಕೊಳ್ಳಲಾಗಲಿಲ್ಲ. ನಡುಮಧ್ಯಾಹ್ನವೇ ಏಣಿ ಹಚ್ಚಿ ಮೀರಾಬಾಯಿಯ ಮಾಳಿಗೆ ಏರಿದಳು. ಬೆಳಕಿಂಡಿಯ ಹಾಸುಗಲ್ಲು ಸರಿಸಿ, ಏಣಿಯನ್ನು ಒಳಗೆ ಇಳಿಬಿಟ್ಟು ಇಳಿದಳು.

ದೋಣಿ ಒಣಗಿತ್ತು. ಅದರ ತಳವನ್ನು ನೆಕ್ಕುತ್ತಲೇ ಬಿದ್ದಂತೆ ಬೆಕ್ಕು ಅಲ್ಲೇ ಮಲಗಿತ್ತು. ಎರಡೂ ಕಣ್ಣು ಪಿಸುರು ಕಟ್ಟಿ ಮುಚ್ಚಿದ್ದವು. ಎತ್ತಿಕೊಂಡರೆ ಕೈಗೆ ಭಾರವೇ ಇಲ್ಲ, ಬೆನ್ನೆಲುಬು ಬೆರಳಿಗೆ ಎಣಿಸುವಂತೆ ಸಿಗುತ್ತಿತ್ತು. ಕಣಜದ ಕಡೆ ಅವಳು ತಿರುಗಿ ನೋಡಲಿಲ್ಲ. ಬೆಕ್ಕನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೇಲೆ ಬಂದು ಕಲ್ಲನ್ನು ಮೊದಲಿನ ಹಾಗೇ ಮುಚ್ಚಿದಳು.

ಪ್ರೀತಿಗೆ ತಿಳಿವಳಿಕೆ ಕಡಿಮೆ. ಅವತ್ತು ಒಂದು ಬಟ್ಟಲು ಹಾಲು ಪೂರ್ತಿ ಕುಡಿಸಿದಳು, ಬೆಕ್ಕು ಎಲ್ಲವನ್ನೂ ಕಕ್ಕಿ, ಭೇದಿಯಾಗಿ, ಸತ್ತಂತೆ ಬಿತ್ತು. ಭಾಲ್ಕಿ ಸಂತೆಯಲ್ಲಿ ಮಾಂಸ ಮಾರುವ ಖಾಜಾ ಮಿಯಾ ಓಣಿಯಲ್ಲಿ ಹಾದುಹೋಗುವಾಗ ನೋಡಿ ತಲೆಯಾಡಿಸಿದ.

"ಉಪಾಸ ಬಿದ್ದ ಹೊಟ್ಟಿಗಿ ಒಮ್ಮೇಲೆ ತುಂಬಬ್ಯಾಡ್ರಿ ಬಾಯಿ. ಗಂಜಿ ತಿಳಿ ಕೊಡ್ರಿ, ಬೆರಳಿಗಿ ಹಚ್ಚಿ ನೆಕ್ಕಸ್ರಿ. ತಾಕತ್ ಬಂದ ಮ್ಯಾಲ ಕಲೇಜಿ ತಂದು ಕೊಡ್ತೇನಿ. ಮಂದಿ ಮೇವಿಲ್ಲಂತ ಆಡೆಲ್ಲ ಮಾರಲಾಕತ್ಯಾರ, ಈ ವರ್ಷ ನಮ್ಮ ಧಂದಾ ಒಂದೇ ಛಲೋ ನಡದದ." ಅಂದು ನಕ್ಕ. ನಗು ಅವನಿಗೇ ರುಚಿಸಲಿಲ್ಲ.

ಅವಳು ಹತ್ತಿಯ ಎಳೆ ಅದ್ದಿ ತುಟಿಗೆ ನೀರು ಹಿಂಡಿದಳು. ಬಿಸಿನೀರ ಬಟ್ಟೆಯಿಂದ ಕಣ್ಣು ಒರೆಸಿದಳು. ಹೊತ್ತುಹೊತ್ತಿಗೆ ಗಂಜಿ, ಆಮೇಲೆ ಖಾಜಾ ಮಿಯಾ ತಂದ ಕಲೇಜಿ, ಅಂದರೆ ಆಡಿನ ಈಲಿ, ಬೇಯಿಸಿದ ನೀರು, ಆಮೇಲೆ ಕಲೇಜಿಯನ್ನೇ ಕಿವುಚಿ ಚಿಟಿಕೆ ಚಿಟಿಕೆ. ರಾತ್ರಿ ಒಲೆಯ ಬೆಚ್ಚನೆ ಬೂದಿಯ ಪಕ್ಕ ಗೋಣಿತಾಟು. ಜಲ್ಲಿ ಖಡಿ ಒಡೆಯುವ ಬರಗಾಲದ ಕಾಮಗಾರಿಯಿಂದ ಬರುತ್ತಿದ್ದ ಗಂಡ ನರಸಿಂಗ ಬಾಗಿಲಲ್ಲೇ ಗೊಣಗುತ್ತಿದ್ದ. "ನನಗ ಖಾರ ರೊಟ್ಟಿ, ನಿನ್ನ ಬೆಕ್ಕಿಗಿ ಕಲೇಜಿ. ಮುಂದಿನ ಜನ್ಮಕ್ಕ ನಾನೂ ಬಾಲ ಹಚ್ಚಿಕೊಂಡು ಬರ್ತೇನಿ." ಅಂದವನೇ ಅದರ ಗೋಣಿತಾಟನ್ನು ಒಲೆಯ ಹತ್ತಿರ ಎಳೆಯುತ್ತಿದ್ದ.

ಒಂದು ಬೆಳಿಗ್ಗೆ ಬೆಕ್ಕು ಕೂತು, ಮುಂಗಾಲು ಎತ್ತಿ, ತನ್ನ ಮೈಯನ್ನು ತಾನೇ ನೆಕ್ಕಿಕೊಳ್ಳತೊಡಗಿತು. ಮೈ ಚೊಕ್ಕಟ ಮಾಡಿಕೊಳ್ಳುವ ಬೆಕ್ಕು ಬದುಕುತ್ತದೆ ಎಂದು ಅವಳ ತಾಯಿ ಅನ್ನುತ್ತಿದ್ದಳು. ಅನುಸೂಯಾಬಾಯಿಗೆ ಬಹಳ ದಿನಗಳ ಮೇಲೆ ಸಂತೋಷವಾಯಿತು. ಬೇಸಿಗೆ ಬರುವಷ್ಟರಲ್ಲಿ ಅದು ಮಿರಿಮಿರಿ ಮಿಂಚುತ್ತ ಮಾಳಿಗೆಯ ಅಂಚಿನಲ್ಲಿ ಓಡಾಡುತ್ತಿತ್ತು. ಊರ ಮಂದಿ, ದನ, ನಾಯಿ ಎಲ್ಲ ಸೊರಗಿದ್ದಾಗ ಮೈತುಂಬಿಕೊಂಡದ್ದು ಅದೊಂದೇ. ನೋಡಿದವರ ಕಣ್ಣು ಅಲ್ಲೇ ನಿಲ್ಲುತ್ತಿತ್ತು.

ಕಬ್ಬು ಕಡಿಯಲು ಹೋದವರ ಟೋಳಿ ತಿರುಗಿ ಬಂತು. ಮೀರಾಬಾಯಿ ಬಾಗಿಲ ಮಣ್ಣು ಕೆಡವಿ ಒಳಗೆ ಹೋದವಳು ಹೊರಗೆ ಬಂದಾಗ ಕೈಯಲ್ಲಿ ಬರೀ ಹೊಟ್ಟು. ಕಣಜದ ತಳ ಕೊರೆದು ಇಲಿಗಳು ಬೀಜವನ್ನೆಲ್ಲ ಮುಗಿಸಿದ್ದವು. ಅನುಸೂಯಾಬಾಯಿ ಒಂದನ್ನೂ ಮುಚ್ಚಿಡದೆ ನಡೆದದ್ದನ್ನು ಹೇಳಿದಳು. ಮೀರಾಬಾಯಿ ಬೆಕ್ಕಿನತ್ತ ನೋಡುತ್ತಲೇ ಕೇಳಿಸಿಕೊಂಡಳು.

"ಇಲಿ ತಿಂದ್ವೋ ಯಾರು ತಿಂದ್ರೋ, ಆ ಬೆಕ್ಕಿನ ಮೈ ನೋಡಿದ್ರ ಗೊತ್ತಾಗ್ತದ್ರಿ ಅನುಸೂಯಾಬಾಯಿ."

ಅಕ್ಕ ಎಂಬ ಮಾತು ಅವತ್ತಿಗೆ ಹೋಯಿತು.

"ಸಾಯಲಾಕತ್ತಿತ್ತು ಮೀರಾ. ಬಿಟ್ಟಿದ್ರ ಬೆಕ್ಕೂ ಇರ್ತಿದ್ದಿಲ್ಲ, ಬೀಜನೂ ಇರ್ತಿದ್ದಿಲ್ಲ."

"ಅದು ನಮ್ಮ ಬೆಕ್ಕು, ನಮ್ಮ ಮನಿ. ನಿಮಗ ಇಳೀರಿ ಅಂದವ್ರು ಯಾರ್ರಿ?"

ಬೆಕ್ಕು ಒಳಗಿದ್ದರೆ ಒಂದಿಷ್ಟಾದರೂ ಕಾಳು ಉಳಿಯುತ್ತಿತ್ತೇನೋ ಎಂಬ ಮುಳ್ಳು ಅನುಸೂಯಾಬಾಯಿಯ ಮನಸ್ಸಿನಲ್ಲೂ ಆಡುತ್ತಿತ್ತು. ತನ್ನ ಬೀಜದ ಜೋಳದಲ್ಲಿ ಅರ್ಧ ಅಳೆದು ಮೀರಾಬಾಯಿಯ ಹೊಸ್ತಿಲಲ್ಲಿ ಸುರಿದಳು. ಅವಳ ಪಾಲಿಗೆ ಕೊಟ್ಟದ್ದೇ ತಪ್ಪಾಯಿತು. ಕದಿಯದವರು ಯಾಕೆ ಕೊಡುತ್ತಾರೆ ಎಂದು ಓಣಿ ತೀರ್ಮಾನ ಮಾಡಿತು. ನೀರಿನ ಟ್ಯಾಂಕರಿನ ಸಾಲಿನಲ್ಲಿ ಅವಳು ನಿಂತರೆ ಹೆಂಗಸರು ಕೊಡ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ಬೆಕ್ಕನ್ನು ಮೀರಾಬಾಯಿ ಹಗ್ಗ ಕಟ್ಟಿ ತನ್ನ ಮನೆಗೆ ಒಯ್ದಳು.

ಎಪ್ಪತ್ತೆರಡರಲ್ಲಿ ಮಳೆ ಇನ್ನೂ ಕೆಟ್ಟಿತು. ಬಿತ್ತಲು ಹದವೇ ಸಿಗದೆ ಬೀಜ ಕಣಜದಲ್ಲೇ ಉಳಿಯಿತು. ದೀಪಾವಳಿಯ ಮರುದಿನ ಮತ್ತೆ ಗಾಡಿ ಬಂತು. ಮಚ್ಛೇಂದ್ರ ಬಾಗಿಲು, ಕಿಂಡಿ ಮೆತ್ತಿದ ಮೇಲೆ ಮಾಳಿಗೆ ಹತ್ತಿ ಬೆಳಕಿಂಡಿಯ ಹಾಸುಗಲ್ಲಿನ ಸುತ್ತ ಗಚ್ಚು ಹಾಕಿದ. ಮನೆ ನೋಡಿಕೊಳ್ಳಲು ಎದುರು ಮನೆಯ ಕಾಶೀರಾಮನಿಗೆ ಹೇಳಿ, ಮೀರಾಬಾಯಿ ಅನುಸೂಯಾಬಾಯಿಯ ಬಾಗಿಲ ಮುಂದಿನಿಂದಲೇ ಮುಖ ತಿರುಗಿಸಿ ನಡೆದಳು.

ಬೆಕ್ಕನ್ನು ಈ ಸಲ ಜೊತೆಗೆ ಒಯ್ದಾರು, ಇಲ್ಲವೇ ಹೊರಗೆ ಬಿಟ್ಟಾರು ಎಂದುಕೊಂಡಿದ್ದಳು ಅನುಸೂಯಾಬಾಯಿ. ಸಂಜೆ ಗೋಡೆಯಾಚೆ ಕೂಗು ಎದ್ದಿತು. ಹೋದ ವರ್ಷದ ಬಡಕಲು ದನಿಯಲ್ಲ, ಗಟ್ಟಿ ದನಿ. ದಿನಗಳು ಉರುಳಿದರೂ ಅದು ಕುಗ್ಗಲಿಲ್ಲ. ಗಂಜಿ, ಕಲೇಜಿ ತಿನ್ನಿಸಿ ಆ ದನಿಗೆ ಬಲ ತುಂಬಿದವಳು ತಾನೇ. ಈ ಸಲ ಸಾಯಲು ಅದಕ್ಕೆ ಹೆಚ್ಚು ದಿನ ಬೇಕು, ಆ ದಿನಗಳನ್ನು ಕೊಟ್ಟವಳೂ ತಾನೇ. ಉಣ್ಣುತ್ತಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಹೋಗಬ್ಯಾಡ," ಅಂದ ನರಸಿಂಗ. "ಈ ಸಲ ಕಲ್ಲು ಕಿತ್ತರ ಊರಾಗ ಇರಲಾಕ ಆಗಲ್ಲ."

ಅವಳು ಕೈ ತೊಳೆದು, ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡು ಏಣಿ ಎಳೆದಳು. ನರಸಿಂಗ ಎದ್ದು ಬಂದು ಏಣಿಯ ಕೆಳತುದಿ ಹಿಡಿದುಕೊಂಡ.

ಎದುರು ಕಟ್ಟೆಯ ಮೇಲಿದ್ದ ಕಾಶೀರಾಮ ಎದ್ದು ನಿಂತ. "ಹಾರಿ ಹಿಡಕೊಂಡು ಎಲ್ಲಿಗಿ ಹೊಂಟೀರಿ ವೈನಿ?"

"ಕಳುವು ಮಾಡಲಾಕ ಹೊಂಟೇನಿ," ಅಂದಳು, "ಬೇಕಾದ್ರ ಮಂದೀನ ಕರೀರಿ."

ಮಂದಿ ಕರೆಯದೆಯೇ ಬಂದರು. ಒಂದೊಂದೇ ಬಾಗಿಲು ತೆರೆಯಿತು. ಅವಳು ಮಾಳಿಗೆ ಏರಿ ಹಾಕಿದ ಮೊದಲ ಏಟಿಗೆ ಗಚ್ಚು ಒಡೆಯಲಿಲ್ಲ. ಕೆಳಗೆ ಕೂಗು ಗಕ್ಕನೆ ನಿಂತಿತು. ಅವಳೂ ಹಾರೆ ತಡೆದು ಕಿವಿಗೊಟ್ಟಳು. ಮರುಗಳಿಗೆಗೆ ಸರಿಯಾಗಿ ಅವಳ ಕಾಲ ಕೆಳಗಿನಿಂದ, ಕಲ್ಲಿನ ಆಚೆಯಿಂದ, ಅದು ಮತ್ತೆ ಕೂಗಿತು. ಅನುಸೂಯಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾರೆಯನ್ನು ಮತ್ತೆ ಮೇಲೆತ್ತಿದಳು.